ಉಪ್ಪುನೀರಿನ ಗೆರೆ

ಕಾರವಾರದ ಕಾಲೇಜಿನ ಪ್ರಯೋಗಾಲಯದಲ್ಲಿ ನೀತಾ ರಕ್ತದೊಳಗೆ ಲೇಸರ್ ಬೆಳಕು ಹಾಯಿಸಿ ನೋಡುತ್ತಿದ್ದಳು. ಕಲಕುತ್ತಿರುವಷ್ಟು ಹೊತ್ತು ಕೆಂಪುಕಣಗಳು ಬಿಡಿಬಿಡಿಯಾಗಿ ಬೆಳಕಿಗೆ ಅಡ್ಡ ನಿಲ್ಲುತ್ತವೆ. ಕಲಕುವುದು ನಿಂತೊಡನೆ ಒಂದನ್ನೊಂದು ಹುಡುಕಿ ಅಂಟಿಕೊಳ್ಳುತ್ತವೆ. ಸಂದಿನಲ್ಲಿ ಬೆಳಕು ನುಗ್ಗಿ, ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಏರುತ್ತದೆ. ಸಕ್ಕರೆ ಕಾಯಿಲೆಯ ಬೊಮ್ಮಯ್ಯನ ಗೆರೆಯಂತೂ ಸರಸರನೆ ಏರಿ, ತುದಿಯಲ್ಲಿ ಒಮ್ಮೆ ಬಾಗಿ, ಮತ್ತೆ ಏರಿತ್ತು. ಅಂಥದ್ದನ್ನು ಅವಳು ಬೇರೆ ಯಾರ ರಕ್ತದಲ್ಲೂ ಕಂಡಿರಲಿಲ್ಲ.

ಅವನು ರಕ್ತ ಕೊಟ್ಟುಹೋದ ಐದನೇ ದಿನ ಅವನ ಹೆಂಡತಿ ಗಂಗೂ ಹಟ್ಟಿಕೇರಿಯಿಂದ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಪುಟ್ಟ ಮಡಕೆ.

"ನಮ್ಮನೆಯವ್ರು ತೀರ್ಕಂಡ್ರು ಅಕ್ಕೋರೇ. ಬೂದಿ, ಎಲುಬು ಎಲ್ಲಾ ಕೂಡಿಸ್ದೆ. ನಿಮ್ಮ ಹತ್ರ ಕೊಟ್ಟ ರಕ್ತ ಒಂದು ಉಳೀತು. ಕೊಡಿ, ಒಟ್ಟಿಗೇ ಹೊಳಿಗೆ ಬಿಡ್ತೆ."

ಆ ರಕ್ತವನ್ನು ನೀತಾ ಪರೀಕ್ಷೆ ಮುಗಿದ ದಿನವೇ ಬ್ಲೀಚಿಂಗ್ ನೀರಿಗೆ ಸುರಿದು, ಮೋರಿಗೆ ಬಿಟ್ಟಿದ್ದಳು. ಅದನ್ನು ಹೇಳದೆ, ಫ್ರಿಜ್ಜಿನಲ್ಲಿದ್ದ ಇನ್ಯಾರದೋ ರಕ್ತದ ಕೊಳವೆಯನ್ನು ತೆಗೆದು, ಮೇಲಿನ ಚೀಟಿ ಕಿತ್ತು, ಕೊಟ್ಟುಬಿಟ್ಟಳು. ಗಂಗೂ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಮಡಕೆಯೊಳಗಿಟ್ಟು ಹೊರಟುಹೋದಳು.

ಮಧ್ಯಾಹ್ನ ನೀತಾ ಯಂತ್ರ ಸರಿಯಿದೆಯೇ ಎಂದು ನೋಡಲು, ಎಂದಿನಂತೆ ಬರೀ ಉಪ್ಪುನೀರು ತುಂಬಿ ಕಲಕಿದಳು. ಉಪ್ಪುನೀರಿನಲ್ಲಿ ಕೂಡಿಕೊಳ್ಳಲು ಏನೂ ಇರುವುದಿಲ್ಲ. ಗೆರೆ ಅಡ್ಡಡ್ಡ ಮಲಗಿರಬೇಕು.

ಕಲಕುವುದು ನಿಂತಿತು.

ಗೆರೆ ಸರಸರನೆ ಏರಿತು. ತುದಿಯಲ್ಲಿ ಒಮ್ಮೆ ಬಾಗಿತು. ಮತ್ತೆ ಏರಿತು.