ಖಾಲಿ ಕರಡಿಗೆ

ನರಸಿಂಹರಾಜಪುರದಿಂದ ಕೊಪ್ಪಕ್ಕೆ ಬಸ್ಸು ಬಂದು ಎರಡು ವರ್ಷವಾಗಿತ್ತು. ಆದರೂ ಕಿರಿಮಗನ ಮದುವೆಯ ದಿಬ್ಬಣ ಗಾಡಿಯಲ್ಲೇ ಹೋಗಬೇಕೆಂದು ಪರಮೇಶ್ವರಪ್ಪನವರ ಹಟ. ಬಸ್ಸಿನಲ್ಲಿ ಭರ್ರೆಂದು ಹೋದರೆ ದಾರಿಯ ಊರಿನವರಿಗೆ ದಿಬ್ಬಣ ಕಾಣುವುದು ಹೇಗೆ? ಅಂತೂ ಆರು ಕಮಾನುಗಾಡಿಗಳು ಕೋಳಿ ಕೂಗುವ ಹೊತ್ತಿಗೆ ಹೊರಟವು. ನಡುವಿನ ಗಾಡಿಯಲ್ಲಿ ಹಿರಿಸೊಸೆ ನೀಲಾಂಬಿಕೆ, ಪಕ್ಕದಲ್ಲಿ ಅತ್ತೆ ಶಂಕರಮ್ಮ. ಗಾಡಿ ಹೊಡೆಯುತ್ತಿದ್ದವನು ನೀಲಾಂಬಿಕೆಯ ಗಂಡ ರೇಣುಕಪ್ಪ.

ಬೆಳಕು ಹರಿದಾಗ ದಾರಿಯ ಹಳ್ಳದಲ್ಲಿ ಎಲ್ಲರೂ ಮಿಂದು ಲಿಂಗಪೂಜೆ ಮುಗಿಸಿದರು. ಹೆಂಗಸರದ್ದು ಇನ್ನೂ ಆಗಲಿಲ್ಲವಾ ಎಂದು ಮಾವ ದಂಡೆಯ ಮೇಲಿಂದ ಕೂಗಿದ್ದೇ ತಡ, ನೀಲಾಂಬಿಕೆ ಗಡಿಬಿಡಿಯಲ್ಲಿ ಒದ್ದೆಸೀರೆ ಹಿಂಡಿಕೊಂಡು ಗಾಡಿ ಹತ್ತಿದಳು. ಒಂದು ಹರಿದಾರಿ ಹೋದ ಮೇಲೆ ಕೊರಳಿನ ಬೆಳ್ಳಿ ಕರಡಿಗೆ ಹಗುರವೆನ್ನಿಸಿತು. ಸೆರಗಿನ ಮರೆಯಲ್ಲೇ ತೆರೆದು ನೋಡಿದಳು. ಒಳಗೆ ಇಷ್ಟಲಿಂಗ ಇರಲಿಲ್ಲ. ವಸ್ತ್ರದಲ್ಲಿ ಸುತ್ತಿ ಬಂಡೆಯ ಮೇಲಿಟ್ಟದ್ದು ನೆನಪಾಯಿತು, ಎತ್ತಿಕೊಂಡದ್ದು ನೆನಪಿಗೆ ಬರಲಿಲ್ಲ.

ಗುರು ಕೊಟ್ಟ ಲಿಂಗ ಮೈಮೇಲಿಲ್ಲದಿದ್ದರೆ ಇದ್ದೂ ಸತ್ತಂತೆ, ತೊಟ್ಟು ನೀರನ್ನೂ ನುಂಗಬಾರದು ಎಂದು ಕೇಳುತ್ತಲೇ ಬೆಳೆದವಳು ಅವಳು. ಹೇಳಿಬಿಡೋಣವೆಂದರೆ ಹೊರಟಿರುವುದು ಮದುವೆಗೆ. ಅಪಶಕುನವೆಂದು ಮದುವೆಯೇ ನಿಂತರೆ ಮೈದುನನ ಗತಿಯೇನು, ತನ್ನ ಗತಿಯೇನು? ಹಿಂದಿರುಗೋಣವೆಂದರೆ ಗಾಡಿ ತಿರುಗಿಸಲು ಜಾಗವಿಲ್ಲ, ಒಂದು ಕಡೆ ಗೋಡೆಯಂತೆ ಎದ್ದ ದರೆ, ಇನ್ನೊಂದು ಕಡೆ ಕಂದಕ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಇವರೇ, ಗಾಡಿ ಒಂಚೂರು ನಿಲ್ಲಿಸ್ತೀರಾ?"

"ಹಿಂದಿನ ಎತ್ತು ಬೆನ್ನಿಗೇ ಬಂದಿದಾವೆ ಮಾರಾಯ್ತಿ. ಊಟಕ್ಕೆ ನಿಲ್ಲಿಸ್ತಾರಲ್ಲ, ಆಗ ಇಳಿ."

ಊಟಕ್ಕೆ ನಿಲ್ಲಿಸಿದಾಗ ಇಳಿದು ಮಾಡುವುದೇನು? ಹಳ್ಳ ಆಗಲೇ ಮೂರು ಹರಿದಾರಿ ಹಿಂದೆ ಉಳಿದಿತ್ತು. ಹೊಟ್ಟೆ ತೊಳಸುತ್ತಿದೆ ಎಂದು ನೀಲಾಂಬಿಕೆ ರೊಟ್ಟಿ ಮುಟ್ಟಲಿಲ್ಲ, ನೀರೂ ಒಲ್ಲೆನೆಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ರೊಟ್ಟಿಬುಟ್ಟಿ ಕಟ್ಟುವುದರೊಳಗೆ ಇಡೀ ದಿಬ್ಬಣ ಸೇರಿ ಅವಳನ್ನು ಬಸುರಿ ಮಾಡಿಬಿಟ್ಟಿತು. ಮಾವ ಹಿಗ್ಗಿ ಮಜ್ಜಿಗೆ ಕಳಿಸಿದರು. ಅದನ್ನೂ ಯಾರಿಗೂ ಕಾಣದಂತೆ ಗಾಡಿಯ ಹಿಂದೆ ಚೆಲ್ಲಿದಳು. ಮಧ್ಯಾಹ್ನದ ಬಿಸಿಲಿಗೆ ಕಮಾನು ಕಾದು, ನಾಲಿಗೆ ಅಂಗುಳಿಗೆ ಅಂಟಿತು. ಇಳಿದು ಓಡಿಹೋಗಬೇಕೆನ್ನಿಸುತ್ತಿತ್ತು. ಆದರೆ ಮುಂದೆಯೂ ನೆಂಟರು, ಹಿಂದೆಯೂ ನೆಂಟರು.

ಹೊತ್ತು ಇಳಿಯುವಾಗ ಕೊಪ್ಪದ ಹೊರಗಿನ ತೊರೆಯ ಬಳಿ ಗಾಡಿಗಳು ನಿಂತವು. ಕೈಕಾಲು ತೊಳೆದು, ಪೂಜೆ ಮಾಡಿ, ಬೀಗರ ಮನೆ ಸೇರುವುದೆಂದು ಮಾತಾಗಿತ್ತು. ಶಂಕರಮ್ಮ ಸೊಸೆಯ ರಟ್ಟೆ ಹಿಡಿದು ಮುಂಡುಗದ ಪೊದೆಯ ಆಚೆಗೆ ಕರೆದೊಯ್ದಳು.

"ಬಸುರೂ ಅಲ್ಲ, ಎಂತದೂ ಅಲ್ಲ. ಬೆಳಗ್ಗಿಂದ ಕೊರಳಿಗೇ ಕೈ ಹೋಗ್ತಿದೆ. ತೆಗಿ ನೋಡಾಣ."

ನೀಲಾಂಬಿಕೆ ಕರಡಿಗೆ ತೆರೆದು ತೋರಿಸಿ, ಏಟಿಗೆ ಕಾದವಳಂತೆ ಕಣ್ಣುಮುಚ್ಚಿದಳು. ಏಟು ಬೀಳಲಿಲ್ಲ. ಕಣ್ಣುಬಿಟ್ಟಾಗ ಅತ್ತೆ ತನ್ನ ಕರಡಿಗೆಯನ್ನೂ ತೆರೆದು ಹಿಡಿದಿದ್ದಳು. ಒಳಗಿದ್ದದ್ದು ನುಣುಪಾದೊಂದು ಹೊಳೆಗಲ್ಲು.

"ಈ ಮನೆಗೆ ಬಂದ ವರ್ಷ ಭದ್ರಾ ದಾಟ್ತಾ ದೋಣಿಯಿಂದ ಬಿತ್ತು ಕಣೆ. ಗುರುಗಳ ಹತ್ರ ಹೇಳಿದ್ರೆ ಬೇರೆ ಕೊಡ್ತಿದ್ರೇನೋ. ನಾಳೆ ಹೇಳಿದ್ರಾಯ್ತು, ನಾಡಿದ್ದು ಹೇಳಿದ್ರಾಯ್ತು ಅಂತ ಇಪ್ಪತ್ತಾರು ವರ್ಷ ಆಯ್ತು."

ಶಂಕರಮ್ಮ ನೀರಿಗೆ ಬಗ್ಗಿ, ಒಂದು ಕಲ್ಲನ್ನು ಆರಿಸಿ, ಸೆರಗಿನಲ್ಲಿ ಒರೆಸಿ ಸೊಸೆಯ ಅಂಗೈಯಲ್ಲಿಟ್ಟಳು. "ಮದುವೆ ಒಂದು ಮುಗೀಲಿ."

"ಮುಗಿದ ಮೇಲೆ ಹೇಳಾಣ ಅಲ್ವಾ ಅತ್ತೆ? ಇಬ್ರೂ?"

ಶಂಕರಮ್ಮ ತನ್ನ ಕರಡಿಗೆ ಮುಚ್ಚಿ, ಸೆರಗು ಹೊದ್ದು, ಪೊದೆಯ ಈಚೆಗೆ ನಡೆದಳು.

ಎಲ್ಲರ ಜೊತೆ ಸಾಲಿನಲ್ಲಿ ಕೂತು ನೀಲಾಂಬಿಕೆ ಎಡಗೈಯಲ್ಲಿ ಕಲ್ಲಿಟ್ಟುಕೊಂಡು ವಿಭೂತಿ ಹಚ್ಚಿದಳು. ಕಲ್ಲು ಯಾರಿಗೂ ಕಾಣದಂತೆ ತಲೆ ಬಗ್ಗಿಸಿ ಮುಖವನ್ನೇ ಅಂಗೈಯ ಹತ್ತಿರ ತಂದಳು. ನೋಡಿದವರು ಅದನ್ನು ಭಕ್ತಿ ಎಂದುಕೊಂಡರು.

"ದಿನವಿಡೀ ಉಪವಾಸ ಇದ್ರೂ ನೇಮ ಬಿಡ್ಲಿಲ್ಲ ನೋಡ್ರೋ" ಎಂದರು ಪರಮೇಶ್ವರಪ್ಪ, ಎಲ್ಲರಿಗೂ ಕೇಳುವಂತೆ. "ಅತ್ತೆ ಹ್ಯಾಗೋ ಸೊಸೆ ಹಾಗೆ."

ಶಂಕರಮ್ಮ ನೀರಿನ ಚೊಂಬನ್ನು ತಂದು ಸೊಸೆಯ ಬಾಯಿಗೆ ಹಿಡಿದಳು. ನೀಲಾಂಬಿಕೆ ಒಂದೇ ಉಸಿರಿಗೆ ಕುಡಿದಳು.