ನೆಲಮಾಳಿಗೆಯ ಗಾಳಿ

ಜುಲೈ ಎರಡನೆಯ ವಾರ ಜೊಸ್ಲಿನ್ ಫೋನ್ ಮಾಡಿದಳು.

"ಭಾವ, ನೀವು ಹಾಕಿಕೊಟ್ಟ ಮೆಷಿನ್ ನಿಲ್ತಾನೇ ಇಲ್ಲ. ಹಗಲೂ ರಾತ್ರಿ ಗುಂಯ್ ಅಂತಾನೇ ಇರುತ್ತೆ. ಆದ್ರೂ ಕೆಳಗೆ ಮುಗ್ಗಲು ವಾಸನೆ ಹೋಗಿಲ್ಲ. ಒಂದ್ಸಲ ಬಂದು ನೋಡ್ತೀರಾ?"

ಮನೆಯೊಳಗಿನ ಗಾಳಿಯ ತೇವ ತೆಗೆಯುವ ಯಂತ್ರ ಕೂರಿಸುವುದು ನನ್ನ ಕಸುಬು. ಕೆನಡಾದ ಕೇಪ್ ಬ್ರೆಟನ್ ದ್ವೀಪದ ಈ ಪಶ್ಚಿಮ ಕರಾವಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಜೊಸ್ಲಿನ್ ನನ್ನ ಚಿಕ್ಕಮ್ಮ ಎಕ್ಸಿಲ್ಡಾಳ ಸೊಸೆ. ಚಿಕ್ಕಮ್ಮನ ಮಗ ರೆಯಾಲ್ ಏಡಿ ಹಿಡಿಯಲು ಕಡಲಿಗೆ ಹೋದರೆ ಶೆಟಿಕ್ಯಾಂಪ್ ಊರಿನ ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಜೊಸ್ಲಿನ್ ನೆಲಮಾಳಿಗೆಯಲ್ಲಿ ಕೂತು ಗೋಣಿಬಟ್ಟೆಯ ಮೇಲೆ ಉಣ್ಣೆ ಎಳೆದು ಚಿತ್ರದ ಜಮಖಾನ ಮಾಡುತ್ತಾಳೆ. ಆ ವರ್ಷ ಮಾಂಕ್ಟನ್ ನಗರದ ಒಂದು ಸಭಾಂಗಣದ ಗೋಡೆಗೆಂದು ಒಂಬತ್ತಡಿ ಉದ್ದದ್ದನ್ನು ಚೌಕಟ್ಟಿಗೆ ಬಿಗಿದಿದ್ದಳು. ಉಣ್ಣೆಗೆ ತೇವ ತಾಗಬಾರದೆಂದೇ ಮೇ ತಿಂಗಳಲ್ಲಿ ಯಂತ್ರ ಹಾಕಿಸಿದ್ದು.

ನಾನು ಹೋದಾಗ ಮಧ್ಯಾಹ್ನ ಎರಡು ಗಂಟೆ. ಚಿಕ್ಕಮ್ಮ ಅಡುಗೆಮನೆಯ ಮೇಜಿನ ಮುಂದೆ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದಳು.

"ಬಾರೋ ಕಾಲಿಸ್ಟ್. ನಿನ್ನ ಮೆಷಿನ್ನಿಗೆ ಏದುಸಿರು ಬಂದಿದೆ, ನೋಡು ಹೋಗು. ಐವತ್ತು ವರ್ಷ ಈ ಮನೆ ತಾನಾಗೇ ಉಸಿರಾಡ್ಕೊಂಡಿತ್ತು. ಈಗ ಅದಕ್ಕೂ ಕರೆಂಟು ಬೇಕಂತೆ."

"ನಿಮಗಿಂತ ಕಮ್ಮಿ ಸದ್ದು ಮಾಡುತ್ತೆ ಚಿಕ್ಕಮ್ಮ" ಎಂದೆ. ಆಲೂಗಡ್ಡೆ ಸಿಪ್ಪೆ ಒಂದು ನನ್ನ ಕಡೆ ಹಾರಿ ಬಂತು.

ಯಂತ್ರ ಇರುವುದು ಕೆಳಗೆ. ಅದನ್ನು ನಡೆಸುವ ಫಲಕವನ್ನು ಅಡುಗೆಮನೆಯ ಗೋಡೆಯಲ್ಲಿ, ಮೆಟ್ಟಿಲ ಬಾಗಿಲ ಪಕ್ಕದಲ್ಲಿ ಕೂರಿಸಿದ್ದೆ. ಅದರಲ್ಲಿ ಶೇಕಡಾ ಮೂವತ್ತರಿಂದ ಎಂಬತ್ತರವರೆಗೆ ಗುರುತಿರುವ ಒಂದು ನಾಬ್. ಕೆಳಗಿನ ಗಾಳಿಯ ತೇವ ಆ ಗುರುತನ್ನು ಮೀರಿದರೆ ಯಂತ್ರ ಶುರುವಾಗುತ್ತದೆ, ಇಳಿದರೆ ತಾನೇ ನಿಲ್ಲುತ್ತದೆ. ಅದರ ಕೆಳಗೆ ಫ್ಯಾನಿನ ವೇಗಕ್ಕೊಂದು ಸ್ವಿಚ್ಚು. ಸ್ನಾನವೋ ಅಡುಗೆಯೋ ಆದಮೇಲೆ ಒತ್ತಿದರೆ ಇಪ್ಪತ್ತು ನಿಮಿಷ ಜೋರಾಗಿ ಓಡಿ ಮತ್ತೆ ನಿಧಾನಕ್ಕೆ ಬರುವ ಒಂದು ಗುಂಡಿ. ಅಷ್ಟೇ. ನಾನು ಇಟ್ಟುಹೋದಂತೆಯೇ ನಾಬ್ ಐವತ್ತರಲ್ಲಿತ್ತು. ಪಕ್ಕದ ಪುಟ್ಟ ಪರದೆ ಮಾತ್ರ ಕೆಳಗಿನ ತೇವ ಎಪ್ಪತ್ತೆಂಟು ಎಂದು ತೋರಿಸುತ್ತಿತ್ತು.

ಕೆಳಗಿಳಿದೆ. ಯಂತ್ರದ ಗಾಳಿ ಸೋಸುವ ಜಾಲರಿ ಸ್ವಚ್ಛವಾಗಿತ್ತು. ನೀರು ಹೋಗುವ ಕೊಳವೆಯಲ್ಲಿ ನೀರು ಧಾರಾಳವಾಗಿ ಇಳಿಯುತ್ತಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಕೆಲಸಕ್ಕೆ ಕೂತಿದ್ದ ಜೊಸ್ಲಿನ್ ಎದ್ದು ಚೌಕಟ್ಟನ್ನು ಹಿಂದುಮುಂದಾಗಿ ತಿರುಗಿಸಿದಳು. ಗೋಣಿಯ ಬೆನ್ನಲ್ಲಿ, ಒಂದು ಮೂಲೆಯಲ್ಲಿ, ಬೂದಿ ಉದುರಿದ ಹಾಗೆ ಬೂಷ್ಟು ಹಿಡಿದಿತ್ತು.

"ಐದು ತಿಂಗಳ ಕೆಲಸ ಭಾವ" ಎಂದಳು, ಮೆಲ್ಲಗೆ.

ನನ್ನ ಮುಖ ಬಾಡಿತು. ತೇವ ಅಳೆಯುವ ಭಾಗವೇ ಕೆಟ್ಟಿರಬೇಕೆಂದುಕೊಂಡು ಹೊಸದನ್ನು ಹಾಕಿದೆ. ಅದೂ ಎಪ್ಪತ್ತೆಂಟನ್ನೇ ತೋರಿಸಿತು. "ಎರಡು ದಿನ ಫ್ಯಾನ್ ಜೋರಾಗಿಟ್ಟು ನೋಡೋಣ" ಎಂದು ಹೇಳಿ, ನನಗೇ ನಂಬಿಕೆ ಇಲ್ಲದೆ ಹೊರಟುಬಂದೆ. ಎಷ್ಟು ನೀರು ತೆಗೆದರೂ ಆ ಮನೆಗೆ ಮತ್ತೆಲ್ಲಿಂದ ನೀರು ಬರುತ್ತಿದೆ ಎಂಬುದು ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಮೂರನೆಯ ದಿನ ಬೆಳಗ್ಗೆ ಬೇರೆ ಮನೆಯ ಕೆಲಸಕ್ಕೆಂದು ಅದೇ ರಸ್ತೆಯಲ್ಲಿ ಹೋಗುತ್ತಿದ್ದೆ. ಏಳು ಗಂಟೆ ಇರಬಹುದು. ಕಡಲಿನಿಂದ ಬೆಚ್ಚಗಿನ ಜಿಗುಟು ಗಾಳಿ ಬೀಸುತ್ತಿತ್ತು. ಚಿಕ್ಕಮ್ಮನ ಮನೆಯ ಪಕ್ಕದ ಹುಲ್ಲಿನಲ್ಲಿ ಯಾರೋ ಮೊಣಕಾಲೂರಿ ಕೂತಿದ್ದಾರೆ. ವ್ಯಾನ್ ನಿಲ್ಲಿಸಿ ನೋಡಿದರೆ ಚಿಕ್ಕಮ್ಮನೇ. ನೆಲಮಾಳಿಗೆಯ ಕಿಟಕಿಗಳನ್ನು ಒಂದೊಂದಾಗಿ ತೆಗೆದು, ಗಾಳಿಗೆ ಬಡಿಯದಂತೆ ದಾರ ಕಟ್ಟುತ್ತಿದ್ದಳು. ಎಪ್ಪತ್ತಾರು ವರ್ಷದ ಹೆಂಗಸು. ಹತ್ತಿರ ಹೋಗುವವರೆಗೂ ಅವಳಿಗೆ ನನ್ನ ಸುಳಿವೇ ಹತ್ತಲಿಲ್ಲ.

"ಏನು ಮಾಡ್ತಿದ್ದೀರ ಚಿಕ್ಕಮ್ಮ?"

ಬೆಚ್ಚಿ ಬಿದ್ದಳು. ಆಮೇಲೆ ಗದರಿದಳು. "ಏನು ಮಾಡ್ತಾರೆ? ಮನೆಗೆ ಗಾಳಿ ಬಿಡ್ತಿದ್ದೀನಿ. ನಿನ್ನ ಮೆಷಿನ್ ಕೈಲಾಗ್ದೆ ಒದ್ದಾಡ್ತಿದೆ. ಅಷ್ಟು ಕಷ್ಟಪಡೋದನ್ನ ನೋಡ್ಕೊಂಡು ಸುಮ್ನಿರಕ್ಕಾಗುತ್ತಾ?"

"ದಿನಾ ತೆಗೀತೀರಾ?"

"ಆರು ಗಂಟೆಗೆ ತೆಗೆದು, ಅವಳು ಹನ್ನೊಂದಕ್ಕೆ ಕೆಲಸಕ್ಕೆ ಇಳಿಯೋ ಹೊತ್ತಿಗೆ ಮುಚ್ಬಿಡ್ತೀನಿ. ಅವಳಿಗೆ ಹೇಳ್ಬೇಡ. ಕಿಟಕಿ ತೆಗೀಬೇಡಿ ಅಂತ ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಬರೆದಿದೆಯಂತೆ. ಪುಸ್ತಕ ಬರೆದೋನು ಈ ಮನೇಲಿ ಬಾಳಿದ್ನಾ?"

ನಾನು ವಾದಕ್ಕೆ ಹೋಗಲಿಲ್ಲ. ಒಳಗೆ ಹೋಗಿ ಫ್ರಿಜ್ಜಿನಿಂದ ಹಾಲಿನ ತಗಡಿನ ಜಗ್ಗನ್ನು ತಂದೆ. ಅವಳು ಕಟ್ಟಿಕೊಂಡಿದ್ದ ಏಪ್ರನ್ನಿನ ತುದಿಯಿಂದಲೇ ಹೊರಮೈಯನ್ನು ಚೆನ್ನಾಗಿ ಒರೆಸಿ, ಕಿಟಕಿಯ ಕಟ್ಟೆಯ ಮೇಲಿಟ್ಟೆ.

"ಇದ್ಯಾಕೋ?"

"ಸ್ವಲ್ಪ ಕೂತ್ಕೊಳ್ಳಿ."

ಹುಲ್ಲಿನ ಮೇಲೆ ಇಬ್ಬರೂ ಕೂತೆವು. ರೆಯಾಲನ ದೋಣಿ ಎಲ್ಲಿದೆಯೋ, ಈ ಸಲ ಏಡಿ ಹೇಗಿದೆಯೋ ಎಂದು ಮಾತಾಡಿದೆವು. ಐದು ನಿಮಿಷ ಕಳೆಯುವಷ್ಟರಲ್ಲಿ ಜಗ್ಗು ಬೆವರಿ, ಹನಿಗಳು ಒಂದಕ್ಕೊಂದು ಕೂಡಿ, ಕಟ್ಟೆಯ ಮೇಲೆ ನೀರಿನ ಉಂಗುರವೇ ಆಯಿತು.

"ಜಗ್ಗು ಸೋರ್ತಿಲ್ಲ ಚಿಕ್ಕಮ್ಮ. ಈ ನೀರು ಹೊರಗಿನ ಗಾಳೀಲಿ ಇದ್ದದ್ದು. ತಣ್ಣಗಿರೋದು ಸಿಕ್ಕಿದ ಕೂಡ್ಲೆ ಅಂಟ್ಕೊಳ್ತು. ಕೆಳಗಿನ ಗೋಡೆ ಮುಟ್ಟಿ ನೋಡಿ. ಬೇಸಿಗೇಲೂ ಈ ಜಗ್ಗಿನ ಹಾಗೇ ತಣ್ಣಗಿರುತ್ತೆ."

ಚಿಕ್ಕಮ್ಮ ಕಿಟಕಿಯೊಳಗೆ ಕೈ ಇಳಿಸಿ ಗೋಡೆಯನ್ನು ಮುಟ್ಟಿದಳು. ಕೈಯನ್ನು ಹೊರಗೆ ತಂದು ಒದ್ದೆಯಾದ ಬೆರಳುಗಳನ್ನು ಬಹಳ ಹೊತ್ತು ನೋಡಿಕೊಂಡಳು.

"ಹಾಗಾದ್ರೆ ಐವತ್ತು ವರ್ಷ ನಾನು ಮನೆಯೊಳಗೆ ನೀರು ಹೊತ್ತು ಹಾಕ್ತಿದ್ನಾ?"

ಆ ದನಿ ಕೇಳಿ ನನಗೆ ಹೇಳಬಾರದಿತ್ತೇನೋ ಅನ್ನಿಸಿತು. "ಇಲ್ಲ ಚಿಕ್ಕಮ್ಮ. ಆಗ ಕೆಳಗೆ ಇದ್ದದ್ದು ಆಲೂಗಡ್ಡೆ, ಕ್ಯಾರೆಟ್ಟು. ಅವಕ್ಕೆ ತೇವ ಬೇಕಾಗಿತ್ತು. ಮೇಲೆ ಮನೆ ಒಣಗಿಸೋಕೆ ಒಲೆ ಉರೀತಿತ್ತು. ನೀವು ಮಾಡಿದ್ದು ಸರಿಯಾಗೇ ಇತ್ತು. ಈಗ ಕೆಳಗೆ ಉಣ್ಣೆ ಇದೆ, ಅಷ್ಟೇ."

ಅವಳು ಎದ್ದು, ಕಟ್ಟಿದ ದಾರಗಳನ್ನು ಬಿಚ್ಚಿ, ನಾಲ್ಕೂ ಕಿಟಕಿ ಮುಚ್ಚಿದಳು. ನಾನು ಕೈಹಾಕಲು ಹೋದರೆ ಬಿಡಲಿಲ್ಲ. ಆಮೇಲೆ ನೇರ ಅಡುಗೆಮನೆಗೆ ಹೋದಳು. ಜೊಸ್ಲಿನ್ ಕಾಫಿಗೆ ನೀರಿಟ್ಟಿದ್ದಳು.

"ಜೊಸ್ಲಿನ್, ನಿನ್ನ ಜಮಖಾನಕ್ಕೆ ಬೂಷ್ಟು ಹಿಡಿಸಿದ್ದು ನಾನು. ದಿನಾ ಬೆಳಗ್ಗೆ ಕಿಟಕಿ ತೆಗೀತಿದ್ದೆ."

ಜೊಸ್ಲಿನ್ ಒಲೆಯ ಕಡೆ ತಿರುಗಿಕೊಂಡೇ, "ಗೊತ್ತು ಅತ್ತೆ" ಎಂದಳು.

"ಗೊತ್ತಾ?"

"ನನ್ನ ರೂಮಿನ ಕಿಟಕಿಯಿಂದ ಕಾಣುತ್ತಲ್ಲ."

ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಕೂತಳು. ನನಗೆ ರೇಗಿತು. "ಗೊತ್ತಿದ್ದೂ ನನ್ನನ್ನ ಕರೆಸಿದ್ಯಾ? ಚೆನ್ನಾಗಿದ್ದ ಸೆನ್ಸರನ್ನ ಕಿತ್ತು ಹಾಕಿದ್ನಲ್ಲ ಮಾರಾಯ್ತಿ!"

"ನಾನು ಹೇಳಿದ್ರೆ ಸೊಸೆ ಹೇಳಿದ ಹಾಗಾಗುತ್ತೆ ಭಾವ. ನೀವು ನಿಮ್ಮಷ್ಟಕ್ಕೆ ಕಂಡುಹಿಡಿದು ಹೇಳಿದ್ರೆ ಮೆಷಿನ್ನಿನ ವಿಷಯ ಆಗುತ್ತೆ. ನೀವು ಇಷ್ಟು ತಡ ಮಾಡ್ತೀರ ಅಂದ್ಕೊಂಡಿರ್ಲಿಲ್ಲ."

ಮೊದಲು ನಕ್ಕವಳು ಚಿಕ್ಕಮ್ಮ. ನಗುನಗುತ್ತಲೇ ಕಣ್ಣೊರೆಸಿಕೊಂಡಳು. "ಹೇಳಿದ್ರೆ ಜಗಳ ಆಡ್ತಿದ್ದೆ, ನಿಜ. ಆದ್ರೂ ಹೇಳ್ಬೇಕಿತ್ತು ಕಣೇ. ಐದು ತಿಂಗಳ ಕೆಲಸ."

"ನಿಮಗೆ ಆ ಕಿಟಕಿ ತೆಗೆಯೋದೊಂದೇ ಈ ಮನೇಲಿ ಉಳಿದಿದ್ದ ಕೆಲಸ ಅಂತ ನನಗನ್ನಿಸ್ತಿತ್ತು" ಎಂದಳು ಜೊಸ್ಲಿನ್. "ಬೇರೆ ಎಲ್ಲಾನೂ ನಾನೇ ಕಿತ್ಕೊಂಡಿದ್ದೀನಲ್ಲ."

ಮೂವರೂ ಕಾಫಿ ಕುಡಿದೆವು. ಕೊನೆಗೆ ಚಿಕ್ಕಮ್ಮ ಕನ್ನಡಕ ತರಿಸಿಕೊಂಡು ಫಲಕದ ಮುಂದೆ ನಿಂತಳು. "ಸರಿ, ಇದನ್ನ ನನಗೆ ಕಲಿಸು. ಪುಸ್ತಕ ಬೇಡ, ಬಾಯಲ್ಲಿ ಹೇಳು."

ಹೇಳಿಕೊಟ್ಟೆ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ, ನಾಬ್ ಐವತ್ತಕ್ಕೆ, ಫ್ಯಾನು ನಿಧಾನಕ್ಕೆ. ಮೀನು ಹುರಿದ ದಿನ, ಬಟ್ಟೆ ಒಗೆದ ದಿನ, ಇಪ್ಪತ್ತು ನಿಮಿಷದ ಗುಂಡಿ. ಚಳಿಗಾಲದಲ್ಲಿ ಹೊರಗಿನ ಗಾಳಿ ಒಣಗಿರುತ್ತದೆ, ಆದರೆ ಕಿಟಕಿಯ ಗಾಜು ಕೊರೆಯುವಷ್ಟು ತಣ್ಣಗಿರುತ್ತದೆ. ಆಗ ನಾಬನ್ನು ನಲವತ್ತಕ್ಕೆ ಇಳಿಸಬೇಕು, ಕಿಟಕಿಯ ಗಾಜಿನ ಒಳಮೈ ಬೆವರಿದರೆ ಇನ್ನೂ ಸ್ವಲ್ಪ ಕೆಳಗೆ. ಅವಳು ಪ್ರತಿಯೊಂದನ್ನೂ ಕೈಯಾರೆ ತಿರುಗಿಸಿ, ಒತ್ತಿ, ಯಂತ್ರದ ದನಿ ಏರುವುದನ್ನೂ ಇಳಿಯುವುದನ್ನೂ ತಲೆ ವಾಲಿಸಿ ಕೇಳಿದಳು.

"ಇದನ್ನ ಮುಟ್ಟೋದು ಇನ್ಮೇಲೆ ನಾನೊಬ್ಳೇ" ಎಂದಳು ಸೊಸೆಗೆ.

"ಆಯ್ತು ಅತ್ತೆ."

ಆರನೆಯ ದಿನ ಪರದೆ ನಲವತ್ತೊಂಬತ್ತಕ್ಕೆ ಇಳಿಯಿತು. ಯಂತ್ರ ಮೊದಲ ಸಲ ತಾನಾಗಿ ನಿಂತಿತಂತೆ. ಮನೆ ಅಷ್ಟು ನಿಶ್ಶಬ್ದವಾದದ್ದಕ್ಕೆ ಹೆದರಿ ಚಿಕ್ಕಮ್ಮ ನನಗೆ ಫೋನ್ ಮಾಡಿದಳು. ಹಾಳಾದ ಮೂಲೆಯನ್ನು ಜೊಸ್ಲಿನ್ ಬಿಚ್ಚಿ ಹೊಸ ಗೋಣಿ ಹೊಲಿದಳು. ಅತ್ತೆಯೂ ಎದುರು ಕೂತು ಉಣ್ಣೆ ಎಳೆಯುವ ಕೊಕ್ಕೆ ಹಿಡಿದಳು. ಮೂಲೆ ಅಲೆಗಳ ಚಿತ್ರವಾದ್ದರಿಂದ ಇಬ್ಬರ ಕೈಯ ವ್ಯತ್ಯಾಸ ಗೊತ್ತಾಗಲಿಲ್ಲ. ಹೇಳಿದ್ದಕ್ಕಿಂತ ಹತ್ತು ದಿನ ತಡವಾಗಿ ಜಮಖಾನ ಮಾಂಕ್ಟನ್ನಿಗೆ ಹೋಯಿತು.

ನವೆಂಬರಿನಲ್ಲಿ ಆ ಬೀದಿಯ ಕೊನೆಯ ಮನೆಯ ಒಝಿತ್ ಫೋನ್ ಮಾಡಿದಳು. ಅವಳ ಮನೆಯಲ್ಲೂ ನಾನೇ ಯಂತ್ರ ಹಾಕಿದ್ದೆ.

"ಕಾಲಿಸ್ಟ್, ನಿಮ್ಮ ಚಿಕ್ಕಮ್ಮ ಚಹಾಕ್ಕೆ ಅಂತ ಬಂದು ನಮ್ಮ ನಾಬ್ ತಿರುಗಿಸಿಬಿಟ್ಟು ಹೋದ್ರು. ಗಾಜು ಬೆವರ್ತಿತ್ತಂತೆ. ನಮ್ಮನ್ನ ಕೇಳ್ಲೂ ಇಲ್ಲ!"

"ಎಷ್ಟಕ್ಕೆ ಇಟ್ಟಿದ್ದಾರೆ?"

"ಮೂವತ್ತೆಂಟಕ್ಕೆ."

"ಈಗ ಗಾಜು ಹೇಗಿದೆ?"

ಅವಳು ನೋಡಿಕೊಂಡು ಬರಲು ಹೋದಳು. ಅವಳ ಅಡುಗೆಮನೆಯ ರೇಡಿಯೋ ನನಗೆ ಕೇಳಿಸುತ್ತಿತ್ತು.

"ಒಣಗಿದೆ" ಎಂದಳು.

"ಹಾಗಾದ್ರೆ ಮುಟ್ಬೇಡಿ" ಎಂದೆ.