ಒಂಬತ್ತು ದಿನದ ನೌಕರಿ

ಊರ ಹೊರಗಿನ ನಲ್ಲಿಯ ಬಳಿ, ಉಟ್ಟು ಬದಲಿಸಿದ ಸೀರೆಯ ಸೆರಗನ್ನು ಕಲ್ಲಿನ ಮೇಲೆ ಹರವಿ ಸೋಪು ಉಜ್ಜುತ್ತಿದ್ದ ಶಾಂತಕುಮಾರಿಯ ಕೈ ತಟ್ಟನೆ ನಿಂತಿತು. ನೆರಿಗೆಯ ಒಳಮಡಿಕೆಯಲ್ಲಿ ಇನ್ನೊಂದು ಪುಕ್ಕ, ಉಗುರಿನಷ್ಟು, ಬೆಳ್ಳಗೆ. ಅದನ್ನು ಚಿವುಟಿ ತೆಗೆದು ಹರಿಯುವ ನೀರಿಗೆ ಬಿಟ್ಟಳು. ಅದು ಹೋಗಲಿಲ್ಲ. ಗಿರ್ರನೆ ತಿರುಗಿ ಅವಳ ಕಾಲಬುಡಕ್ಕೇ ಬಂತು.

"ಏನೇ ಶಾಂತಿ, ದಿನಾ ಊರೊಳಕ್ಕೆ ಬರೋಕೆ ಮುಂಚೆ ಇಲ್ಲೇ ಬಟ್ಟೆ ಒಗೀತೀಯಲ್ಲ? ನಿಮ್ಮ ಕಂಪನಿಯಾಗೆ ಸಗಣಿ ಬಳಿಯೋ ಕೆಲಸಾನಾ?" ಕೊಡ ಹಿಡಿದು ನಲ್ಲಿಗೆ ಬಂದ ಚಿನ್ನಕ್ಕ ನಕ್ಕಳು. ಚಿನ್ನಕ್ಕ ಅಣ್ಣನ ಹೆಂಡತಿ. ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು.

"ಬಸ್ಸಿನ ಧೂಳು ಅತ್ತಿಗೆ," ಎಂದ ಶಾಂತಿ ಪುಕ್ಕವನ್ನು ಹೆಬ್ಬೆರಳಿನಿಂದ ಕೆಸರಿಗೆ ಒತ್ತಿದಳು.

ನಿಜ ಹೇಳುವ ಹಾಗಿರಲಿಲ್ಲ. ತಳಕು ಊರಿನಾಚೆಯ ಅವಳ ಹಟ್ಟಿ ಮ್ಯಾಸನಾಯಕ ಕುಲದವರದು. ಅಲ್ಲಿ ಯಾರೂ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಮೊಟ್ಟೆಯನ್ನು ಸಹ ಹೊಸ್ತಿಲು ದಾಟಿಸುವುದಿಲ್ಲ. ಅದರಲ್ಲೂ ಶಾಂತಿಯ ಅಪ್ಪ ಯರ್ರಪ್ಪ ದೇವರ ಎತ್ತುಗಳ ಕಿಲಾರಿ. ಹೂಡದೆ, ಮಾರದೆ, ದೇವರ ಹೆಸರಿಗೆ ಬಿಟ್ಟ ಆ ದನಗಳನ್ನು ಕಾಯುವವನ ಮನೆ ಮಡಿಮೀಸಲಾಗಿರಬೇಕು. ಮನೆಯಲ್ಲಿ ಯಾರಿಗಾದರೂ ಕೋಳಿ ಸೋಕಿತೆಂದರೆ ಕಿಲಾರಿ ಎತ್ತುಗಳನ್ನು ಕೂಡುವ ರೊಪ್ಪದೊಳಗೆ ಕಾಲಿಡುವಂತಿಲ್ಲ.

ಶಾಂತಿ ಒಂಬತ್ತು ದಿನದಿಂದ ಚಳ್ಳಕೆರೆ ಹೊರಗಿನ ಒಂದು ಕೋಳಿ ಫಾರಂನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಳು.

ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತವಳಿಗೆ ಹೈಸ್ಕೂಲಿನ ಗೀತಮ್ಮ ಮೇಡಂ ಹುಡುಕಿಕೊಟ್ಟ ಕೆಲಸ ಅದು. ತೊಂಬತ್ತೆಂಟರಲ್ಲಿ ಆ ಕಡೆ ಹೆಣ್ಣುಮಗಳೊಬ್ಬಳಿಗೆ ಮೇಜು, ಕುರ್ಚಿ, ತಲೆಯ ಮೇಲೆ ಫ್ಯಾನು ಅಂದರೆ ಸಣ್ಣ ಮಾತಲ್ಲ. ಶೆಡ್ಡುಗಳು ಆಫೀಸಿನಿಂದ ದೂರ ಇವೆ, ಬರೆಯುವ ಕೈಗೆ ಕೋಳಿ ಎಲ್ಲಿಂದ ಸೋಕೀತು ಅಂದುಕೊಂಡು ಒಪ್ಪಿದ್ದಳು. ಮನೆಯಲ್ಲಿ ಬರೀ 'ಕಂಪನಿ' ಅಂದಿದ್ದಳು. ಎರಡನೆಯ ದಿನವೇ ಕಾಯಿಲೆ ಬಿದ್ದ ಮರಿಗಳನ್ನು ಬುಟ್ಟಿಯಲ್ಲಿ ತಂದು ಅವಳ ಮೇಜಿನ ಮೇಲೇ ಇಟ್ಟರು. ಅಂದೇ ಮಧ್ಯಾಹ್ನ ರಾಜೀನಾಮೆ ಬರೆದಳು. ಅಂದಿನಿಂದ ಅದು ಅವಳ ಚೀಲದಲ್ಲೇ ಓಡಾಡುತ್ತಿತ್ತು.

ಕೊಡುವುದು ಹೇಗೆ? "ಈ ಹುಡುಗಿ ನಡುವೆ ಬಿಟ್ಟು ಹೋಗೋಳಲ್ಲ," ಅಂತ ಮೇಡಂ ಫಾರಂನ ಸಾಹುಕಾರರಿಗೆ ಮಾತು ಕೊಟ್ಟಿದ್ದರು. ಅವಳ ಅಸಲಿ ಮಾರ್ಕ್ಸ್ ಕಾರ್ಡ್ ಸಾಹುಕಾರರ ಬೀರುವಿನಲ್ಲಿತ್ತು. ಸಾಲದ್ದಕ್ಕೆ ಸಾಹುಕಾರರು ಒಳ್ಳೆಯವರು. ಒಂದು ದಿನವೂ ಗದರಿದವರಲ್ಲ.

ಮೊಟ್ಟೆ ಆರಿಸುವ ಬೋರಕ್ಕ ಅವಳ ಒದ್ದಾಟ ನೋಡಿ ಉಪಾಯ ಹೇಳಿಕೊಟ್ಟಿದ್ದಳು. "ಮದುವೆ ಗೊತ್ತಾಗೈತೆ ಅಂತ ಬರಿ ತಾಯಿ. ಯಾರೂ ತಡೆಯಂಗಿಲ್ಲ. ನಾನೂ ಹಂಗೇ ಎರಡು ಕೆಲಸ ಬಿಟ್ಟೆ."

"ಎರಡು ಸಾರೀನೂ ಮದುವೆ ಅಂತಲೇ ಹೇಳಿದ್ಯಾ?"

"ಹೂಂ ಮತ್ತೆ! ಎರಡನೇ ಸಾರಿ ನನ್ನ ಮಗಳೇ ಬಸುರಿ ಇದ್ಲು!"

ಶಾಂತಿಗೆ ನಗು ಬಂತು, ಧೈರ್ಯ ಬರಲಿಲ್ಲ.

ಇವತ್ತು ಶನಿವಾರ. ಫಾರಂನಿಂದ ಹೊರಡುವಾಗ ಸಾಹುಕಾರರು ಕರೆದಿದ್ದರು. "ನಾಳೆ ವ್ಯಾನು ಮೊಳಕಾಲ್ಮೂರಿಗೆ ಹೋಗ್ತೈತಮ್ಮ. ನಿಮ್ಮೂರು ದಾರಿಯಾಗೇ ಅಲ್ವಾ? ನಿಮ್ಮ ಮನೆ ಬಾಗಿಲಿಗೇ ಒಂದು ಟ್ರೇ ಮೊಟ್ಟೆ, ಎರಡು ಕೋಳಿ ಇಳಿಸೋಕೆ ಹೇಳೀನಿ. ಹೊಸದಾಗಿ ಸೇರಿದೋರಿಗೆ ಕೊಡೋದು ನಮ್ಮ ಪದ್ಧತಿ."

ಶಾಂತಿ ಹೂಂ ಅಂದು ಬಸ್ಸು ಹತ್ತಿದ್ದಳು. ಬಸ್ಸಿನುದ್ದಕ್ಕೂ ಅವಳ ಕಣ್ಣಿಗೆ ಕಂಡದ್ದು ಒಂದೇ: ಹಟ್ಟಿಯ ನಡುವೆ ವ್ಯಾನು, ಸುತ್ತ ಜನ, ಬಾಗಿಲಲ್ಲಿ ಕಾಲು ಕಟ್ಟಿದ ಕೋಳಿ, ಅದರೆದುರು ತಲೆ ತಗ್ಗಿಸಿದ ಅಪ್ಪ.

ಒಗೆದ ಸೀರೆ ಹಿಂಡಿ ಚೀಲಕ್ಕೆ ತುರುಕಿ ಅವಳು ಮನೆಗೆ ಹೋಗಲಿಲ್ಲ. ನೇರ ರೊಪ್ಪದ ಕಡೆ ನಡೆದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಎತ್ತುಗಳು ಮುಳ್ಳುಬೇಲಿಯೊಳಗೆ ಸೇರಿದ್ದವು. ಬೇರೆ ಮನೆಯಲ್ಲಿದ್ದ ಚಿಕ್ಕಪ್ಪ ಗಾದ್ರಪ್ಪ ಒಳಗೆ ಕರುವೊಂದರ ಮೈ ತಿಕ್ಕುತ್ತಿದ್ದ. ಅಪ್ಪ ಬೇಲಿಯಿಂದ ಮಾರು ದೂರ, ಹೊರಗೆ, ಬಂಡೆಯ ಮೇಲೆ ಕೂತಿದ್ದ.

"ಯಾಕಪ್ಪ ಹೊರಗೆ ಕೂತಿದೀಯಾ?"

"ಮೊಣಕಾಲು ನೋವು ಅಂತ ಹೇಳೀನಿ."

"ಹೇಳೀನಿ ಅಂದ್ರೆ?"

ಯರ್ರಪ್ಪ ಎಲೆಗೆ ಸುಣ್ಣ ಸವರುತ್ತ ಕೂತ. "ಎಂಟು ದಿನ ಆತು ನಾನು ಒಳಕ್ಕೆ ಹೋಗಿ. ನೀನು ಬಂದು ಚೀಲ ಇಟ್ರೆ ಸಾಕು, ನಮ್ಮ ನಾಯಿ ಅದನ್ನ ಮೂಸೋದು ಬಿಡ್ತಿರಲಿಲ್ಲ. ನಾನೂ ಮೂಸಿ ನೋಡಿದೆ."

ಶಾಂತಿ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದಳು. "ನನ್ನ ಕೇಳಬಾರದಿತ್ತಾ? ಬೈಬಾರದಿತ್ತಾ?"

"ಕೇಳಿದ್ರೆ ಬಿಡು ಅಂದಂಗೆ ಆಗ್ತಿತ್ತು. ನನ್ನ ಮಗಳು ಕುರ್ಚಿ ಮ್ಯಾಲೆ ಕೂತು ಬರೀತಾಳೆ ಅಂತ ತಳಕಿನ ಸಂತೆಯಾಗೆ ನಾನೇ ಹೇಳ್ಕಂಡು ಬಂದೀನಿ." ಎಲೆಯನ್ನು ಬಾಯಿಗಿಟ್ಟುಕೊಳ್ಳದೆ ಹಾಗೇ ಹಿಡಿದಿದ್ದ. "ನಿಂಗೆ ಬೇಕು ಅಂದ್ರೆ ಇರವ್ವ. ನಾಳೆ ಹಿರೇರ ಮುಂದೆ ಕಿಲಾರಿಕೆ ಗಾದ್ರಪ್ಪಗೆ ಒಪ್ಪಿಸಿಬಿಡ್ತೀನಿ. ಅವನೂ ಚೆಂದಾಗೇ ನೋಡ್ಕಂತಾನೆ."

ಒಳಗಿನಿಂದ ಒಂದು ಮುದಿ ಎತ್ತು ಬೇಲಿಯ ಹತ್ತಿರ ಬಂದು ಅಪ್ಪನ ಕಡೆ ಮೂತಿ ಚಾಚಿತು. ಅಪ್ಪನ ಕೈ ಎದ್ದಿತು. ಅರ್ಧಕ್ಕೆ ನಿಂತು ಮತ್ತೆ ಮಡಿಲಿಗಿಳಿಯಿತು.

ಅಪ್ಪ ಬೈದಿದ್ದರೆ ಶಾಂತಿ ಜಗಳಕ್ಕಾದರೂ ನಿಲ್ಲುತ್ತಿದ್ದಳು. ಅವಳಿಗೆ ಆ ಕುರ್ಚಿ ಇಷ್ಟವಾಗಿತ್ತು. ರಿಜಿಸ್ಟರಿನ ಮೇಲೆ ತನ್ನ ಅಕ್ಷರ ಸಾಲಾಗಿ ಕೂರುವುದು ಇಷ್ಟವಾಗಿತ್ತು. ಆದರೆ ಆ ಕೈ ಅರ್ಧಕ್ಕೆ ನಿಂತದ್ದನ್ನು ನೋಡಿದ ಮೇಲೆ ಮತ್ತೆ ಆ ಬಸ್ಸು ಹತ್ತುವುದು ಅವಳಿಂದ ಆಗುವಂತಿರಲಿಲ್ಲ.

"ಒಪ್ಪಿಸಬೇಡಪ್ಪ," ಎಂದಳು. "ಒಂದು ದಿನ ತಡಿ."

ಮನೆಗೆ ಬಂದು ಚೀಲದಲ್ಲಿದ್ದ ಹಳೆಯ ಕಾಗದ ತೆಗೆದಳು. ಅದರಲ್ಲಿ 'ಆರೋಗ್ಯ ಸರಿಯಿಲ್ಲದ ಕಾರಣ' ಎಂದಿತ್ತು. ಅದರ ಮೇಲೆ ಗೀಟು ಎಳೆದು ಕೆಳಗೆ ಬರೆದಳು: 'ನಮ್ಮ ಮನೆತನದವರು ಕೋಳಿ ಮುಟ್ಟುವುದಿಲ್ಲ. ಸೇರುವ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದು, ಗೀತಮ್ಮ ಮೇಡಂ ಅವರದಲ್ಲ. ಕೆಲಸ ಬಿಡುತ್ತಿದ್ದೇನೆ. ಮಾರ್ಕ್ಸ್ ಕಾರ್ಡ್ ಕೊಟ್ಟರೆ ಉಪಕಾರವಾಗುತ್ತದೆ.'

ಬೆಳಗ್ಗೆ ಏಳಕ್ಕೇ ಹೋಗಿ ಡಾಂಬರು ರಸ್ತೆಯ ಕ್ರಾಸಿನಲ್ಲಿ ನಿಂತಳು. ದೂರದಲ್ಲಿ ಸದ್ದಾದಾಗಲೆಲ್ಲ ರಸ್ತೆಯ ನಡುವಿಗೆ ಬಂದು ನೋಡುತ್ತಿದ್ದಳು. ಒಂದು ಲಾರಿ ಹೋಯಿತು, ಒಂದು ಬಸ್ಸು ಹೋಯಿತು. ಎಂಟೂವರೆಗೆ ವ್ಯಾನು ಬಂದು ಹಟ್ಟಿಯ ದಾರಿಗೆ ಮೂತಿ ತಿರುಗಿಸಿತು. ಶಾಂತಿ ಎರಡೂ ಕೈ ಚಾಚಿ ಅಡ್ಡ ನಿಂತುಬಿಟ್ಟಳು.

"ಏನಕ್ಕ, ಸಾಯ್ತೀಯಾ?" ಡ್ರೈವರ್ ಮಾರುತೇಶ್ ತಲೆ ಹೊರಗೆ ಹಾಕಿದ. "ನಿಮ್ಮ ಮನೆಗೇ ಬರ್ತಿದೀನಿ."

"ಬರಬೇಡಣ್ಣ. ಇಲ್ಲಿಂದಲೇ ಹೋಗು."

"ಕೋಳಿ ಏನು ಮಾಡ್ಲಿ? ಸಾಹುಕಾರರು ಕೇಳಲ್ವಾ?"

"ವಾಪಸ್ ತಗಂಡೋಗು. ಕೇಳಿದ್ರೆ ಈ ಕಾಗದ ಕೊಡು."

ಅವನು ಮಡಿಸಿದ ಕಾಗದವನ್ನು ತಿರುಗಿಸಿ ನೋಡಿ ಹಲ್ಲುಕಿರಿದ. "ಕೆಲಸ ಬಿಡ್ತೀಯಾ? ಮದುವೇನಾ?"

"ಅಲ್ಲ."

ಅವನು ಅವಳ ಮುಖ ನೋಡಿದ. ಕಾಗದವನ್ನು ಅಂಗಿಯ ಜೇಬಿಗೆ ಸೇರಿಸಿ, ಗುಂಡಿ ಹಾಕಿ, ವ್ಯಾನು ಹಿಂದಕ್ಕೆ ತೆಗೆದು ಮೊಳಕಾಲ್ಮೂರಿನ ಕಡೆ ಹೊರಟ.